ಅಜ್ಜ ಪೈಪ್ ರಿಪೇರಿ ಮಾಡಿದರು, ಮೊಮ್ಮಗ ಹಾಡಿದ

ನಮಸ್ಕಾರ! ಕೆನಡಾದಲ್ಲಿ ಇಟಲಿ ಮೂಲದ ಒಬ್ಬ ಪ್ಲಂಬರ್ ಅಜ್ಜ ಇದ್ದರು. ಬಿಟ್ಟಿಯಾಗಿ ಪೈಪ್ ಕೆಲಸ ಮಾಡಿಕೊಡುತ್ತಿದ್ದರು. ಬದಲಿಗೆ ಕೇಳುತ್ತಿದ್ದದ್ದು ಒಂದೇ, ಮೊಮ್ಮಗನಿಗೆ ಸ್ಟೇಜ್ ಮೇಲೆ ಹಾಡಲು ಸ್ವಲ್ಪ ಹೊತ್ತು.

ಆ ಮೊಮ್ಮಗನೇ ಇವತ್ತಿನ ಹೆಸರಾಂತ ಗಾಯಕ ಮೈಕಲ್ ಬುಬ್ಲೆ. ಹುಟ್ಟಿದ್ದು 1975ರಲ್ಲಿ, ಬರ್ನಬಿಯಲ್ಲಿ. ಅಪ್ಪ ಸಾಲ್ಮನ್ ಮೀನು ಹಿಡಿಯುವವರು, ಬೇಸಿಗೆಯಲ್ಲಿ ಇವನೂ ದೋಣಿ ಹತ್ತುತ್ತಿದ್ದ. ಓರಗೆಯ ಹುಡುಗರು ರಾಕ್ ಕೇಳುವಾಗ ಇವನ ಕಿವಿಗೆ ಬಿದ್ದದ್ದು ಅಜ್ಜನ ಹಳೇ ರೆಕಾರ್ಡುಗಳು: ಫ್ರಾಂಕ್ ಸಿನಾಟ್ರಾ, ಬಿಂಗ್ ಕ್ರಾಸ್ಬಿಯಂಥ ಅಮೆರಿಕದ ಹಳೇ ಗಾಯಕರು.

ಇಂಥ ಗಾಯಕರಿಗೆ ಕ್ರೂನರ್ ಅಂತಾರೆ. ಹಾಗಂದರೇನು? ಈಗ ನೋಡಿ, ನಾನು ಮೈಕಿಗೆ ತೀರಾ ಹತ್ತಿರ ಬರ್ತೀನಿ.

[ಮೈಕಿನ ಹತ್ತಿರ ಬಂದು, ಮೆಲ್ಲಗೆ]

ಧ್ವನಿ ದಪ್ಪ ಆಯ್ತು ಅಲ್ವಾ? ಕಿವಿಯಲ್ಲೇ ಮಾತಾಡಿದ ಹಾಗೆ? ಕ್ರೂನಿಂಗ್ ಹುಟ್ಟಿದ್ದೇ ಇಲ್ಲಿಂದ. 1925ಕ್ಕೆ ಮೊದಲು ರೆಕಾರ್ಡಿಂಗ್ ಅಂದರೆ ದೊಡ್ಡ ಕೊಳವೆಯೊಳಗೆ ಗಂಟಲು ಹರಿಯುವ ಹಾಗೆ ಹಾಡಬೇಕಿತ್ತು. ಆಮೇಲೆ ಎಲೆಕ್ಟ್ರಿಕ್ ಮೈಕ್ ಬಂತು, ಕೂಗೋದು ಬೇಡವಾಯ್ತು, ಪಿಸುಮಾತಿನಂಥ ಹಾಡೂ ಮನೆ ಮನೆಯ ರೇಡಿಯೋದಲ್ಲಿ ಕೇಳಿಸತೊಡಗಿತು. ಕೆಲವರಿಗೆ ಇದು ಸಹಿಸಲಾಗಲಿಲ್ಲ. 1932ರಲ್ಲಿ ಅಮೆರಿಕದ ಬಾಸ್ಟನ್‌ನ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಒಬ್ಬರು, ಕ್ರೂನಿಂಗ್ ಅನೈತಿಕ ಅಂತ ಉಗಿದಿದ್ದರು! ಸುಮ್ನೆ ಮೆಲ್ಲಗೆ ಹಾಡಿದ್ದಕ್ಕೆ.

ಆದರೆ ಮೆಲ್ಲಗೆ ಹಾಡೋದು ಸುಲಭ ಅಂದ್ಕೋಬೇಡಿ. ಸಿನಾಟ್ರಾ ತಮ್ಮ ಬ್ಯಾಂಡ್ ಲೀಡರ್ ಟಾಮಿ ಡಾರ್ಸಿ ಟ್ರೊಂಬೋನ್ ಅನ್ನೋ ಹಿತ್ತಾಳೆ ವಾದ್ಯ ಊದುವಾಗ ಎಲ್ಲಿ ಉಸಿರು ತಗೊಳ್ಳುತ್ತಾರೆ ಅಂತ ಹಿಂದೆ ಕೂತು ನೋಡುತ್ತಿದ್ದರಂತೆ, ಉಸಿರು ಗಟ್ಟಿಯಾಗಲಿ ಅಂತ ನೀರೊಳಗೆ ಈಜುತ್ತಿದ್ದರಂತೆ.

ಇನ್ನು ಈ ಗಾಯಕರು ಹಾಡುವ ಜ್ಯಾಝ್ ಸ್ಟ್ಯಾಂಡರ್ಡ್. ಯಾರು ಬೇಕಾದರೂ ಎತ್ತಿಕೊಂಡು ತಮ್ಮ ರೀತಿಯಲ್ಲಿ ಹಾಡಬಹುದಾದ ಹಳೇ ಹಾಡು ಅದು. 'ಫ್ಲೈ ಮಿ ಟು ದ ಮೂನ್' ತಗೊಳ್ಳಿ. 1954ರಲ್ಲಿ ಅದು ಮೂರು ಎಣಿಕೆಯ ವಾಲ್ಟ್ಸ್. 1964ರಲ್ಲಿ ಸಂಗೀತ ಸಂಯೋಜಕ ಕ್ವಿನ್ಸಿ ಜೋನ್ಸ್ ಸಿನಾಟ್ರಾಗಾಗಿ ಅದನ್ನು ನಾಲ್ಕು ಎಣಿಕೆಯ ಸ್ವಿಂಗ್‌ಗೆ, ಅಂದರೆ ತೂಗಾಡುವ ಲಯಕ್ಕೆ, ಕೂರಿಸಿದರು. ಇವತ್ತು ನಮ್ಮ ಬಾಯಲ್ಲಿರೋದು ಅದೇ. ಗಾಯಕನ ಕೈಚಳಕ ಇರೋದು ಬೀಟಿನ ಜೊತೆಗಿನ ಆಟದಲ್ಲಿ: ಪದವನ್ನು ಒಂದು ಚೂರು ತಡವಾಗಿ ಬಿಟ್ಟು, ಆಮೇಲೆ ಓಡಿ ಬಂದು ಸೇರಿಕೊಳ್ಳೋದು.

ಬುಬ್ಲೆ ಅವರ ದಾರಿ ತೆರೆದದ್ದು ಒಂದು ಮದುವೆಯಲ್ಲಿ. 2000ದಲ್ಲಿ ಕೆನಡಾದ ಮಾಜಿ ಪ್ರಧಾನಿ ಮಲ್ರೋನಿ ಅವರ ಮಗಳ ಮದುವೆಗೆ ಹಾಡಿದರು, ಅಲ್ಲಿ ಕೇಳಿಸಿಕೊಂಡವರು ಸಂಗೀತ ನಿರ್ಮಾಪಕ ಡೇವಿಡ್ ಫಾಸ್ಟರ್. 2003ರಲ್ಲಿ ಅವರ ಜೊತೆಗೇ ಮೊದಲ ದೊಡ್ಡ ಆಲ್ಬಂ ಬಂತು. ನನಗೆ ಕೇಳಿದರೆ ಬುಬ್ಲೆ ಹಾಡುಗಳಲ್ಲಿ ಬ್ಯಾಂಡಿನ ಅಬ್ಬರ ಕೆಲವು ಸಲ ಜಾಸ್ತಿ. ಅದು ತಗ್ಗುವ ಕಡೆ ಇಯರ್‌ಫೋನ್ ಹಾಕಿ ಕೇಳಿ, ಸಾಲು ಮುಗಿದ ಮೇಲೆ ಅವರು ಉಸಿರು ಎಳೆದುಕೊಳ್ಳೋದೂ ಕೇಳಿಸುತ್ತೆ.