ಈ ಚೆಂಡು ಆ ಚೆಂಡೇ ಹೌದೇ?

ಕೇಳುಗರಿಗೆ ನಮಸ್ಕಾರ.

ಪಂದ್ಯ ಗೆದ್ದ ಕೂಡಲೇ ಮಹೇಂದ್ರ ಸಿಂಗ್ ಧೋನಿ ಒಂದು ಸ್ಟಂಪ್ ಕಿತ್ತುಕೊಂಡು ಪೆವಿಲಿಯನ್ ಕಡೆ ನಡೆದುಬಿಡುತ್ತಿದ್ದುದನ್ನು ಕ್ರಿಕೆಟ್ ನೋಡುವವರೆಲ್ಲ ಕಂಡಿದ್ದೀರಿ. ಹಾಗೆ ಅವರ ಮನೆ ಸೇರಿದ ಸ್ಟಂಪುಗಳು ಬಹಳ. ಆದರೆ ಒಂದರ ಮೇಲೂ ಗುರುತು ಹಾಕಿಟ್ಟಿಲ್ಲ ಎಂದು ಅವರೇ ಒಮ್ಮೆ ಹೇಳಿಕೊಂಡರು. ನಿವೃತ್ತಿಯಾದ ಮೇಲೆ ಹಳೆಯ ಪಂದ್ಯಗಳ ವಿಡಿಯೊ ಹಾಕಿಕೊಂಡು ಕೂರುವುದು, ಸ್ಟಂಪಿನ ಮೇಲಿನ ಪ್ರಾಯೋಜಕರ ಲಾಂಛನವನ್ನು ದೊಡ್ಡದು ಮಾಡಿ ನೋಡಿ ಯಾವುದು ಯಾವ ಪಂದ್ಯದ್ದೆಂದು ಪತ್ತೆ ಹಚ್ಚುವುದು, ಇದು ಅವರ ಲೆಕ್ಕಾಚಾರ. ನಗುತ್ತಾ ಆಡಿದ ಮಾತೇ ಇರಬಹುದು. ಆದರೆ ಕ್ರೀಡಾ ಸ್ಮರಣಿಕೆಗಳ ಹರಾಜು ಲೋಕದಲ್ಲಿ ಇದನ್ನೇ ಕಸುಬು ಮಾಡಿಕೊಂಡ ಪರಿಣತರಿದ್ದಾರೆ. ಅವರ ಕೆಲಸಕ್ಕೆ ಫೋಟೊ ಮ್ಯಾಚಿಂಗ್ ಎಂದು ಹೆಸರು.

ಆಟಗಾರನ ಅಂಗಿಗೆ ಬೆಲೆ ಬರುವುದು ಇಂಥ ದಿನ, ಇಂಥ ಗಳಿಗೆಯಲ್ಲಿ ಅದು ಇಂಥವರ ಮೈಮೇಲಿತ್ತು ಎಂಬ ಒಂದೇ ಮಾತಿನಿಂದ. 1986ರ ವಿಶ್ವಕಪ್ ಫುಟ್‌ಬಾಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಡಿಯಾಗೊ ಮರಡೋನ ಎರಡು ಗೋಲು ಹೊಡೆದರು. ಒಂದು ಕೈಯಿಂದ, ಇನ್ನೊಂದು ಕಾಲಿನಿಂದ. ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ಸ್ಟೀವ್ ಹಾಡ್ಜ್ ಜೊತೆ ಬದಲಾಯಿಸಿಕೊಂಡ ಅಂಗಿ 2022ರ ಮೇ ತಿಂಗಳಲ್ಲಿ ಸುಮಾರು 71 ಲಕ್ಷ ಪೌಂಡಿಗೆ ಹರಾಜಾಯಿತು. ಹರಾಜಿಗೆ ಮುಂಚೆ ಮರಡೋನ ಅವರ ಮಗಳು ತಕರಾರು ತೆಗೆದರು. ಅದು ಅಪ್ಪನ ಅಂಗಿಯೇ ನಿಜ, ಆದರೆ ಮೊದಲರ್ಧದಲ್ಲಿ ತೊಟ್ಟದ್ದು ಎಂದರು. ಗೋಲು ಎರಡೂ ಬಂದದ್ದು ದ್ವಿತೀಯಾರ್ಧದಲ್ಲಿ! ಒಬ್ಬನೇ ಆಟಗಾರ, ಒಂದೇ ಪಂದ್ಯ, ನಡುವೆ ಚಿಕ್ಕದೊಂದು ವಿರಾಮ. ಅಷ್ಟರಲ್ಲೇ ಬೆಲೆ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ. ಹರಾಜು ಸಂಸ್ಥೆಯವರು ಅಂಗಿಯ ಪಟ್ಟೆ, ಲಾಂಛನ, ಬೆನ್ನಿನ ಅಂಕಿಗಳನ್ನು ಹಳೆಯ ಚಿತ್ರಗಳ ಜೊತೆ ತಾಳೆ ನೋಡಿ ಇದು ಗೋಲಿನ ಅಂಗಿಯೇ ಎಂದು ಹೇಳಿದರು. ಒಂದು ಅನುಕೂಲವೂ ಇತ್ತು. ಆ ಪಂದ್ಯಕ್ಕೆ ಬೇಕಾದ ಅಂಗಿಗಳನ್ನು ಅರ್ಜೆಂಟೀನಾದವರು ಮೆಕ್ಸಿಕೊ ನಗರದ ಅಂಗಡಿಯೊಂದರಿಂದ ತರಾತುರಿಯಲ್ಲಿ ತಂದು ಲಾಂಛನ ಹೊಲಿಸಿದ್ದರು. ಅವಸರದ ಹೊಲಿಗೆಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ.

ಈಗಿನ ಅಂಗಿಗಳು ಹಾಗಲ್ಲ. ಯಂತ್ರದಲ್ಲಿ ಅಚ್ಚಾಗಿ ಬಂದವು. ಅದಕ್ಕೇ ಆಟ ಮುಗಿದ ಮೇಲೆ ಪುರಾವೆ ಹುಡುಕುವ ಬದಲು ಆಟದ ಹೊತ್ತಿನಲ್ಲೇ ಪುರಾವೆ ಕಟ್ಟಿಡುವ ದಾರಿಯನ್ನು ಕ್ರೀಡಾ ಸಂಸ್ಥೆಗಳು ಹಿಡಿದವು.

ಇದರಲ್ಲಿ ಮುಂದೆ ಹೋದದ್ದು ಅಮೆರಿಕದ ಬೇಸ್‌ಬಾಲ್. 1990ರ ದಶಕದಲ್ಲಿ ಅಲ್ಲಿ ನಕಲಿ ಹಸ್ತಾಕ್ಷರದ ಚೆಂಡು, ಬ್ಯಾಟುಗಳ ದೊಡ್ಡ ಜಾಲವೇ ಇತ್ತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇದನ್ನು ಭೇದಿಸಲು ನಡೆಸಿದ ಕಾರ್ಯಾಚರಣೆಗೆ ಆಪರೇಷನ್ ಬುಲ್‌ಪೆನ್ ಎಂದು ಹೆಸರು. ಸ್ಯಾನ್ ಡಿಯಾಗೊ ತಂಡದ ಟೋನಿ ಗ್ವಿನ್ ತಮ್ಮ ತಂಡದ ಅಂಗಡಿಯಲ್ಲೇ ತಾವು ಹಾಕದ ಸಹಿ ಮಾರಾಟಕ್ಕಿದ್ದುದನ್ನು ಗುರುತಿಸಿದ್ದರಂತೆ. 2001ರಲ್ಲಿ ಅಲ್ಲಿನ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ಶುರು ಮಾಡಿತು. ಪ್ರತಿ ಪಂದ್ಯಕ್ಕೂ ಕನಿಷ್ಠ ಒಬ್ಬ ದೃಢೀಕರಣಾಧಿಕಾರಿ. ಹೆಚ್ಚಿನವರು ಪೊಲೀಸ್ ಕೆಲಸದಲ್ಲಿ ಇರುವವರು, ಇಲ್ಲವೇ ನಿವೃತ್ತರು. ಮೈದಾನದ ಅಂಚಿನಲ್ಲಿ ಕೂತು ನೋಡುವುದು, ಆಟದಿಂದ ಹೊರಬಂದ ಚೆಂಡನ್ನು ಕಣ್ಣೆದುರೇ ಪಡೆದು ಹೊಲೋಗ್ರಾಮ್ ಸ್ಟಿಕ್ಕರ್ ಅಂಟಿಸುವುದು, ಅದರ ಸಂಖ್ಯೆಯನ್ನು ದಾಖಲಿಸುವುದು ಅವರ ಕೆಲಸ. ಕಿತ್ತರೆ ಸ್ಟಿಕ್ಕರ್ ಹಾಳಾಗುತ್ತದೆ. ನಿಯಮ ಬಲು ಕಟ್ಟುನಿಟ್ಟು: ಕಣ್ಣಾರೆ ಕಾಣದ್ದಕ್ಕೆ ಮುದ್ರೆ ಇಲ್ಲ.

ಆದ್ದರಿಂದ ಒಂದು ವಿಚಿತ್ರ. ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತ, ಪ್ರೇಕ್ಷಕರ ನಡುವೆ ಬೀಳುತ್ತದೆ. ಅಲ್ಲಿ ನೂಕುನುಗ್ಗಲು, ಕಿತ್ತಾಟ. ಅಧಿಕಾರಿಯ ಕಣ್ಣು ತಪ್ಪಿಹೋಯಿತು. ಹೀಗಾಗಿ ಎಲ್ಲಕ್ಕಿಂತ ಬೆಲೆಬಾಳುವ ಚೆಂಡಿಗೇ ಮುದ್ರೆ ಸಿಗದ ಪರಿಸ್ಥಿತಿ. 1998ರಲ್ಲಿ ಮಾರ್ಕ್ ಮೆಗ್ವೈರ್ ಮತ್ತು ಸ್ಯಾಮಿ ಸೋಸಾ ಒಂದೇ ಋತುವಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆವ ದಾಖಲೆಯ ಬೆನ್ನು ಹತ್ತಿದ್ದಾಗಲೇ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಅವರಿಗೆ ಎಸೆಯುವ ಚೆಂಡುಗಳಿಗೆ ಮೊದಲೇ ಗುಟ್ಟಿನ ಗುರುತು ಹಾಕುವುದು. ಬರಿಗಣ್ಣಿಗೆ ಏನೂ ಕಾಣದು, ಅತಿನೇರಳೆ ಬೆಳಕು ಬಿಟ್ಟರೆ ಹೊಳೆಯುತ್ತದೆ. ಆ ವರ್ಷದ ಮೆಗ್ವೈರ್ ಅವರ 70ನೆಯ ಹೋಮ್ ರನ್ ಚೆಂಡು ಸುಮಾರು 30 ಲಕ್ಷ ಡಾಲರಿಗೆ ಮಾರಾಟವಾಯಿತು. 2022ರಲ್ಲಿ ಆರನ್ ಜಡ್ಜ್ 62ನೆಯ ಹೋಮ್ ರನ್ ಹೊಡೆದಾಗಲೂ ಗುರುತು ಹಾಕಿದ ಚೆಂಡುಗಳೇ ಬಳಕೆಯಲ್ಲಿದ್ದವು. ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ಚೆಂಡುಗಳಿಗೆ ಕೃತಕ ಡಿಎನ್‌ಎ ಬೆರೆಸಿದ ಶಾಯಿ ಹಾಕುವ ಪದ್ಧತಿಯೂ ಬಂತು.

ಇನ್ನು ಎಲೆಕ್ಟ್ರಾನಿಕ್ ಚಿಪ್ಪಿನ ಕಥೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚಿಪ್ ಎಂದ ಕೂಡಲೇ ಎಲ್ಲ ಬಗೆಹರಿಯಿತು ಎಂದುಕೊಳ್ಳುವವರು ಹೆಚ್ಚು.

ಬ್ಯಾಟರಿ ಬೇಡದ ಆರ್‌ಎಫ್‌ಐಡಿ ಚಿಪ್ಪನ್ನು ಬಟ್ಟೆಯ ಮಡಿಕೆಯಲ್ಲಿ ಹೊಲಿದುಬಿಡಬಹುದು. ಓದುವ ಯಂತ್ರ ರೇಡಿಯೊ ಅಲೆ ಬಿಟ್ಟಾಗ ಆ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ. ಸರಿ, ಆ ಸಂಖ್ಯೆ ಏನನ್ನು ರುಜುವಾತು ಮಾಡುತ್ತದೆ? ಈ ಅಂಗಿ ಇಂಥ ಆಟಗಾರನಿಗಾಗಿ ತಯಾರಾದದ್ದು ಎನ್ನುವುದನ್ನು ಮಾತ್ರ. ಒಬ್ಬ ಆಟಗಾರನಿಗೆ ಒಂದೇ ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು ಅಂಗಿ ಸಿದ್ಧವಿರುತ್ತವೆ. ಮೈದಾನಕ್ಕೆ ಇಳಿಯದೆ ಚೀಲದಲ್ಲೇ ಉಳಿದ ಅಂಗಿಗೂ ಅದೇ ಕಾರ್ಖಾನೆ, ಅದೇ ಅಳತೆ, ಅಷ್ಟೇ ಅಸಲಿ ಚಿಪ್. ಅದಕ್ಕೊಂದಿಷ್ಟು ಮಣ್ಣು, ಹುಲ್ಲಿನ ಕಲೆ ಬಳಿದರೆ ಮುಗಿಯಿತು. ಈ ವ್ಯಾಪಾರದಲ್ಲಿ ಹಿಡಿಯಲು ಬಲು ಕಷ್ಟವಾದ ಮೋಸ ಇದು, ಏಕೆಂದರೆ ವಸ್ತು ನಕಲಿಯಲ್ಲ, ಕಥೆ ಮಾತ್ರ ನಕಲಿ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಇವರು.

ಹಾಗಾಗಿ ನನ್ನ ಮಟ್ಟಿಗೆ ಚಿಪ್ಪಿಗಿಂತ ಮುಖ್ಯವಾದದ್ದು ಅದನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಓದಲಾಯಿತು ಎಂಬ ದಾಖಲೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಭುಜದ ಪ್ಯಾಡಿನೊಳಗೆ ಚಿಪ್ ಇರುತ್ತದೆ, 2014ರಿಂದ. ಆಟಗಾರ ಎಲ್ಲಿದ್ದಾನೆಂದು ಸೆಕೆಂಡಿಗೆ 10 ಬಾರಿ ದಾಖಲಾಗುತ್ತದೆ. 2017ರಿಂದ ಚೆಂಡಿನೊಳಗೂ ಚಿಪ್ ಬಂತು. ಇದನ್ನೆಲ್ಲ ಮಾಡಿದ್ದು ಓಟದ ವೇಗ, ಎಸೆತದ ದೂರ ಅಳೆಯಲಿಕ್ಕೆ. ಸ್ಮರಣಿಕೆ ಸಂಗ್ರಹಿಸುವವರಿಗೆ ಇದು ಹುಡುಕದೆ ಸಿಕ್ಕ ನಿಧಿ. ಒಂದು ಪಂದ್ಯದಲ್ಲಿ ಹತ್ತಾರು ಚೆಂಡು ಬದಲಾಗುತ್ತಿರುತ್ತವೆ. ಗೆಲುವಿನ ಅಂಕ ತಂದದ್ದು ಅವುಗಳಲ್ಲಿ ಯಾವುದು ಎಂದು ಚಿಪ್ಪಿನ ದಾಖಲೆಯಿಂದ ತಿಳಿಯಲು ದಾರಿಯಿದೆ.

ಅಂಗಿಯ ವಿಷಯದಲ್ಲಿ ಇದೇ ವ್ಯವಸ್ಥೆ ಕೈಕೊಡುತ್ತದೆ, ಗಮನಿಸಿದಿರಾ? ಚಿಪ್ ಇರುವುದು ಪ್ಯಾಡಿನಲ್ಲಿ. ವಿರಾಮದಲ್ಲಿ ಆಟಗಾರ ಬೆವರಿದ ಅಂಗಿ ಕಳಚಿ ಹೊಸದನ್ನು ತೊಟ್ಟರೆ ಪ್ಯಾಡಿಗೆ ಅದರ ಅರಿವೇ ಇಲ್ಲ. ಮರಡೋನ ಅಂಗಿಯ ತಕರಾರು ಇಲ್ಲಿ ಹಾಗೇ ಮತ್ತೆ ಹುಟ್ಟಬಹುದು. ಅಂಗಿಗೆ ಬೇರೆಯೇ ಚಿಪ್ ಬೇಕು, ಮೈದಾನಕ್ಕೆ ಇಳಿಯುವ ಬಾಗಿಲಲ್ಲಿ ಅದನ್ನು ಓದುವ ಯಂತ್ರ ಬೇಕು, ಕಳಚಿದ ಅಂಗಿಯನ್ನು ಯಾರು ಪಡೆದರು, ಎಲ್ಲಿ ಬೀಗ ಹಾಕಿಟ್ಟರು ಎಂಬ ಲೆಕ್ಕ ಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಉಳಿದದ್ದಕ್ಕೆ ಬೆಲೆಯಿಲ್ಲ. 2017ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ ಅವರ ಅಂಗಿ ಲಾಕರ್ ಕೋಣೆಯಿಂದಲೇ ಮಾಯವಾಯಿತು. ಮರುತಿಂಗಳು ಪತ್ತೆಯಾದದ್ದು ಮೆಕ್ಸಿಕೊದಲ್ಲಿ. ಅಷ್ಟು ಕಾವಲಿದ್ದ ಜಾಗದಲ್ಲೇ ಹೀಗಾದರೆ ಹೇಗೆ?

ಚಿಪ್ ಬಿಚ್ಚಿ ಬೇರೆ ಅಂಗಿಗೆ ಹೊಲಿದರೆ? ಸಾಧ್ಯವಿದೆ. ಅದಕ್ಕೇ ಜಾಣ ಗಿರಾಕಿಗಳು ಚಿಪ್ಪಿನ ದಾಖಲೆಯ ಜೊತೆಗೆ ಫೋಟೊ ಹೊಂದಾಣಿಕೆಯನ್ನೂ ಕೇಳುತ್ತಾರೆ. ದಾಖಲೆ ಹೇಳುವ ನಿಮಿಷದ ಚಿತ್ರ ತೆಗೆದು ನೋಡಿದಾಗ ತೋಳಿನ ಹರಿದ ಎಳೆ ಅಲ್ಲೂ ಕಾಣಬೇಕು, ಕೈಯಲ್ಲಿರುವ ಅಂಗಿಯಲ್ಲೂ ಕಾಣಬೇಕು. ಚಿಪ್ ಹುಟ್ಟುವ ಮುಂಚಿನ ಕಾಲದ ವಸ್ತುಗಳಿಗಂತೂ ಫೋಟೊವೇ ಗತಿ. 1932ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿಯಲ್ಲಿ, ಹೆಸರಾಂತ ಆಟಗಾರ ಬೇಬ್ ರೂತ್ ತೊಟ್ಟ ಅಂಗಿ 2024ರಲ್ಲಿ 2 ಕೋಟಿ 40 ಲಕ್ಷ ಡಾಲರ್ ದಾಟಿತು. ಅದರ ಹಿಂದೆಯೂ ಹಳೆಯ ಕಪ್ಪು ಬಿಳುಪು ಚಿತ್ರಗಳ ಜೊತೆ ತಾಳೆ ನೋಡಿದ ಕೆಲಸವಿತ್ತು.

ಅಸಲಿ ಎಂದು ಗೊತ್ತಾದ ಮೇಲೂ ಯಾರದು ಎಂಬ ಪ್ರಶ್ನೆ ಉಳಿಯುವುದುಂಟು. ಅದನ್ನು ಯಾವ ಚಿಪ್ಪೂ ಹೇಳದು. 2001ರಲ್ಲಿ ಬ್ಯಾರಿ ಬಾಂಡ್ಸ್ ಹೊಡೆದ 73ನೆಯ ಹೋಮ್ ರನ್ ಚೆಂಡು ಒಬ್ಬ ಪ್ರೇಕ್ಷಕನ ಕೈಗವಸಿಗೆ ಬಿತ್ತು, ಜನ ಮುಗಿಬಿದ್ದರು, ಕೊನೆಗೆ ಇನ್ನೊಬ್ಬನ ಕೈ ಸೇರಿತು. ಇಬ್ಬರೂ ಕೋರ್ಟಿಗೆ ಹೋದರು. ಚೆಂಡನ್ನು ಮಾರಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳಿ ಎಂದರು ಕ್ಯಾಲಿಫೋರ್ನಿಯಾದ ನ್ಯಾಯಾಧೀಶರು. 2003ರಲ್ಲಿ ಅದಕ್ಕೆ ಬಂದದ್ದು ನಾಲ್ಕೂವರೆ ಲಕ್ಷ ಡಾಲರ್, ವಕೀಲರ ಫೀಸು ಬೇರೆ.

ನಮಸ್ಕಾರ.