ಭಾರ ಕೈ ಬದಲಾಗುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಗ್ಯಾರೇಜಿನಲ್ಲಿ ಕಾರಿನಿಂದ ಕ್ರೇನಿಗೆ ಚೈನ್ ಕಟ್ಟಿ ಎತ್ತುವಾಗ ಎಂಜಿನ್ ಬಿತ್ತು ಅಂದರೆ ಮೊದಲು ಬರುವ ಪ್ರಶ್ನೆ, ‘ಚೈನ್ ಕಿತ್ತುಹೋಯಿತಾ?’ ಅಂತ. ಚೈನ್ ಪಾಪ, ಅಷ್ಟು ಸುಲಭಕ್ಕೆ ಕಿತ್ತುಹೋಗುವುದಿಲ್ಲ. ಗ್ರೇಡ್ 80 ಎಂದು ಅಚ್ಚು ಇರುವ 8 ಮಿಲಿಮೀಟರ್ ಚೈನು ನೇರವಾಗಿ 2 ಟನ್ ಎತ್ತುತ್ತದೆ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್ 100 ಕಿಲೋ ಒಳಗೇ ಇರುತ್ತದೆ. ನಾಲ್ಕು ಸಿಲಿಂಡರಿನ ಎರಕದ ಕಬ್ಬಿಣದ ಡೀಸೆಲ್ ಎಂಜಿನ್ 200 ಕಿಲೋ ಆಸುಪಾಸು, ಬೆನ್ನಿಗೆ ಗೇರ್‌ಬಾಕ್ಸ್ ಅಂಟಿಕೊಂಡಿದ್ದರೆ ಇನ್ನೊಂದು 40–50 ಕಿಲೋ. ಚೈನಿಗೆ ಇದು ಲೆಕ್ಕಕ್ಕೇ ಇಲ್ಲ. ಕೈಕೊಡುವುದು ಚೈನಿನ ತುದಿಗಳಲ್ಲಿ ಇರುವವು: ಬೋಲ್ಟು, ಕೊಕ್ಕೆ, ಕ್ರೇನಿನ ಕಾಲು, ಕೆಲವು ಸಲ ಕಾರೇ. ಅದೂ ಎಂಜಿನ್ ಸುಮ್ಮನೆ ನೇತಾಡುತ್ತಿರುವಾಗ ಅಲ್ಲ. ಭಾರ ಮೌಂಟಿಂಗಿನಿಂದ, ಅಂದರೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರಿನ ಆಸರೆಯಿಂದ, ಚೈನಿಗೆ, ಚೈನಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ನೆಲಕ್ಕೆ ಕೈ ಬದಲಾಗುವ ಹೊತ್ತಿನಲ್ಲಿ.

ಬೋಲ್ಟಿನಿಂದಲೇ ಶುರು ಮಾಡೋಣ. ಎಂಜಿನ್ ಎತ್ತಲೆಂದೇ ಕಂಪನಿಯವರು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಎರಡು ಮೂಲೆಗಳಲ್ಲಿ ತೂತಿರುವ ಉಕ್ಕಿನ ಪಟ್ಟಿ ಕೊಟ್ಟಿರುತ್ತಾರೆ. ಹಿಂದಿನ ರಿಪೇರಿಯಲ್ಲಿ ಯಾರೋ ಅದನ್ನು ಬಿಚ್ಚಿ ಎಸೆದಿರುತ್ತಾರೆ. ಆಗ ಕೈಗೆ ಸಿಕ್ಕ ತೂತಿಗೆ ಸಿಕ್ಕ ಬೋಲ್ಟು ಹಾಕಿ ಚೈನ್ ಕಟ್ಟುವುದು ರೂಢಿ. ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಬೋಲ್ಟು ಒಳಗೆ ಸಾಕಷ್ಟು ಇಳಿದಿರುವುದಿಲ್ಲ. ಎರಕದ ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಥ್ರೆಡ್ ಹಿಡಿದಿದ್ದರೆ ನಡೆಯುತ್ತದೆ, ಅಲ್ಯೂಮಿನಿಯಂ ಹೆಡ್ಡಿನಲ್ಲಿ ಎರಡು ಪಟ್ಟು ಬೇಕು. 10 ಮಿಲಿಮೀಟರ್ ಬೋಲ್ಟಿಗೆ 20 ಮಿಲಿಮೀಟರ್ ಆಯಿತು. ಒಳಗೆ ಎಷ್ಟು ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಪಾನಾ ಹಾಕುವ ಮೊದಲು ಬೆರಳಿನಲ್ಲೇ ತಿರುಗಿಸಿ, ಸುತ್ತು ಎಣಿಸಿ. ಪಿಚ್ಚು ಅಂದರೆ ಒಂದು ಸುತ್ತಿಗೆ ಬೋಲ್ಟು ಇಳಿಯುವ ಮಿಲಿಮೀಟರ್. 1.5 ಪಿಚ್ಚಿನ ಬೋಲ್ಟಾದರೆ 14 ಸುತ್ತು, 1.25 ಪಿಚ್ಚಿನದಾದರೆ 16. ಐದಾರು ಸುತ್ತಿಗೇ ಬಿಗಿಯಾದರೆ ತೂತಿನ ತಳದಲ್ಲಿ ಕೊಳೆ ಕೂತಿದೆ, ಇಲ್ಲವೇ ಬೋಲ್ಟು ಅಲ್ಲಿಯದಲ್ಲ.

ಎರಡನೆಯದು ಇನ್ನೂ ಮೋಸದ್ದು. ಬೋಲ್ಟು ಉದ್ದವಾಗಿದ್ದು ಹೊರಗೆ ಎರಡು ಬೆರಳು ಚಾಚಿಕೊಂಡಿರುತ್ತದೆ, ಚೈನಿನ ಕೊಂಡಿ ಅದರ ತಲೆಯ ಹತ್ತಿರ ನೇತಾಡುತ್ತದೆ. ಈಗ ಬೋಲ್ಟು ಸನ್ನೆಗೋಲಿನಂತೆ ಬಾಗುತ್ತದೆ, ಬುಡದ ಥ್ರೆಡ್ಡಿನಲ್ಲಿ ಮುರಿಯುತ್ತದೆ. ಕೊಂಡಿ ಎಂಜಿನ್ ಮೈಗೆ ಒತ್ತಿಕೊಂಡಿರಬೇಕು, ಅದರ ಮೇಲೆ ದಪ್ಪ ವಾಷರ್, ಅದರ ಮೇಲೆ ಬೋಲ್ಟಿನ ತಲೆ. ತಲೆಯ ಮೇಲೆ ಗಟ್ಟಿತನ ಹೇಳುವ 8.8 ಅಥವಾ 10.9 ಅಂಕಿ ಇದೆಯೇ ನೋಡಿ. ಅಂಕಿಯೇ ಇಲ್ಲದ್ದು ನಂಬರ್ ಪ್ಲೇಟ್ ಕೂರಿಸಲು ಲಾಯಕ್ಕು. ಎಂಜಿನ್ನಿಗೆ ಗಾಳಿ ಕೊಡುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅದರಲ್ಲೂ ಪ್ಲಾಸ್ಟಿಕ್ಕಿನದಕ್ಕೆ, ಚೈನ್ ಸುತ್ತುವವರಿಗೆ ಏನು ಹೇಳುವುದು, ಬಿಡಿ.

ಈಗ ಚೈನಿನ ಕೋನ. ಕೈ ಖಾಲಿ ಇದ್ದರೆ ಎರಡೂ ತೋರುಬೆರಳುಗಳ ತುದಿ ಜೋಡಿಸಿ ಗುಡಿಸಲಿನ ಮಾಡಿನಂತೆ ಹಿಡಿಯಿರಿ. ತುದಿಯಲ್ಲಿ ಕ್ರೇನಿನ ಕೊಕ್ಕೆ, ಬುಡಗಳಲ್ಲಿ ಎಂಜಿನ್. ಮಾಡು ಕಡಿದಾಗಿದ್ದು, ತುದಿಯಲ್ಲಿ 60 ಡಿಗ್ರಿ ಇದ್ದರೆ 200 ಕಿಲೋ ಎಂಜಿನ್ನಿಗೆ ಒಂದೊಂದು ಬೆರಳಿನ ಮೇಲೂ 115 ಕಿಲೋ ಎಳೆತ. 90 ಡಿಗ್ರಿಗೆ ತೆರೆಯಿರಿ, 141 ಕಿಲೋ. 120 ಆದರೆ ಒಂದೊಂದರ ಮೇಲೂ ಪೂರ್ತಿ 200. ಇನ್ನೂ ಚಪ್ಪಟೆ ಮಾಡಿ 150 ಡಿಗ್ರಿಗೆ ತಂದರೆ 386! ಎಂಜಿನ್ ಅಷ್ಟೇ ಇದೆ, ಎಳೆತ ಹತ್ತಿರಹತ್ತಿರ ಎರಡು ಪಟ್ಟಾಯಿತು. ಅದೂ ಮೇಲಕ್ಕಲ್ಲ, ಒಳಮುಖವಾಗಿ. ಪಟ್ಟಿ ಬಾಗುವುದು, ಬೋಲ್ಟು ಅಡ್ಡಕ್ಕೆ ಜಗ್ಗುವುದು ಈ ಒಳಮುಖದ ಎಳೆತಕ್ಕೆ. ಇಷ್ಟು ಗೊತ್ತಿದ್ದೂ ಚೈನು ಗಿಡ್ಡ ಮಾಡುತ್ತಾರೆ, ಏಕೆಂದರೆ ಕ್ರೇನಿನ ಬೂಮ್, ಅಂದರೆ ಮೇಲಿನ ತೋಳು, ಪೂರ್ತಿ ಎತ್ತಿದರೂ ಎಂಜಿನ್ನಿನ ತಳ ಮುಂದಿನ ಗ್ರಿಲ್ ದಾಟುವುದಿಲ್ಲ. ಆಗ ಚೈನು ಗಿಡ್ಡ ಮಾಡಬೇಡಿ. ಕಾರಿನ ಮುಂಭಾಗ ತಗ್ಗಿಸಿ, ರೇಡಿಯೇಟರ್ ಸಪೋರ್ಟ್ ಬಿಚ್ಚಿ, ಇಲ್ಲವೇ ಲೆವೆಲರ್ ಪಟ್ಟಿ ಬಳಸಿ. ಹಿಡಿಕೆ ತಿರುಗಿಸಿದರೆ ಎಂಜಿನ್ ಮುಂದಕ್ಕೋ ಹಿಂದಕ್ಕೋ ಓಲುವ ಸಾಧನ ಅದು. ಅದರ ಸ್ಕ್ರೂ ತುದಿ ಮುಟ್ಟುವವರೆಗೆ ಮಾತ್ರ ತಿರುಗಿಸಬೇಡಿ.

ಕ್ರೇನಿನ ವಿಷಯಕ್ಕೆ ಬಂದರೆ, ‘ನಮ್ಮದು ಒಂದು ಟನ್ನಿನದು’ ಅನ್ನುವ ಮಾತು ಅರ್ಧ ಸತ್ಯ. ಬೂಮಿನ ಉದ್ದ ಹೆಚ್ಚುಕಡಿಮೆ ಮಾಡಿ ಪಿನ್ ಹಾಕಲು ಅದರಲ್ಲಿ ನಾಲ್ಕು ತೂತುಗಳಿರುತ್ತವೆ. ಬೂಮ್ ಒಳಗೆ ಎಳೆದುಕೊಂಡಾಗ ಅದು 1000 ಕಿಲೋ ಕ್ರೇನು; ಒಂದೊಂದು ತೂತು ಹೊರಗೆ ಹೋದಂತೆ ಸಾಮಾನ್ಯವಾಗಿ 750, 500, ಕೊನೆಗೆ 250. ಆಗ ಹೇಳಿದ ಡೀಸೆಲ್ ಎಂಜಿನ್ನೂ ಗೇರ್‌ಬಾಕ್ಸೂ ಸೇರಿದರೆ ಆ ಕೊನೆಯ ತೂತಿನಲ್ಲಿ ಹೆಚ್ಚೆಂದರೆ ಹತ್ತು ಕಿಲೋ ಮಿಗಬಹುದು, ಅಷ್ಟೇ. ಬೂಮ್ ಎಳೆದವರು ಕೆಳಗಿನ ಕಾಲುಗಳನ್ನೂ ಅಷ್ಟೇ ಮುಂದಕ್ಕೆ ಎಳೆದು ಪಿನ್ ಹಾಕಬೇಕು. ಕೊಕ್ಕೆಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಮುಂದಿನ ಚಕ್ರಗಳಿಗಿಂತ ಹಿಂದೆಯೇ ಬೀಳಬೇಕು. ಮುಂದೆ ಬಿದ್ದರೆ ಕ್ರೇನು ಮುಗ್ಗರಿಸುತ್ತದೆ.

ಇನ್ನು ಎತ್ತುವ ಘಳಿಗೆ. ಅತಿ ಹೆಚ್ಚು ಎಡವಟ್ಟು ಇಲ್ಲೇ. ಏನೋ ಒಂದು ಬಿಚ್ಚಲು ಮರೆತಿರುತ್ತದೆ: ಅರ್ತ್ ಪಟ್ಟಿ, ಸೆಲ್ಫ್ ಮೋಟರಿನ ವೈರು, ಹಿಂದೆ ಅಡಗಿರುವ ಹೀಟರ್ ಹೋಸು, ಮೌಂಟಿಂಗಿನ ಒಂದೇ ಒಂದು ಬೋಲ್ಟು. ಬೂಮ್ ಎತ್ತುವ ಕ್ರೇನಿನ ಜಾಕ್ ಹೊಡೆಯುತ್ತಾ ಹೋದಂತೆ ಕಾರಿನ ಮೂತಿ ಮೇಲೇಳುತ್ತದೆ. ಸ್ವಲ್ಪ ಏಳುವುದು ಸಹಜ, ಸ್ಪ್ರಿಂಗಿನ ಮೇಲಿನ ಭಾರ ಇಳಿಯಿತಲ್ಲ. ಆದರೆ ನಿಮ್ಮ ಕಣ್ಣು ಮೂತಿಯ ಮೇಲಲ್ಲ, ಮೌಂಟಿಂಗಿನ ಮೇಲೆ ಇರಲಿ. ಎಂಜಿನ್ ಕಡೆಯ ಬ್ರಾಕೆಟ್ಟು ಮತ್ತು ರಬ್ಬರಿನ ನಡುವೆ ಬೆಳಕು ಕಾಣಬೇಕು. ಬೆಳಕು ಕಾಣದೆ ಕಾರೂ ಎಂಜಿನ್ನೂ ಒಟ್ಟಿಗೆ ಏಳುತ್ತಿದ್ದರೆ ನಿಲ್ಲಿಸಿ. ಮುಂದುವರಿಸಿದರೆ ಆ ಮರೆತ ಬೋಲ್ಟು ಬಿಟ್ಟ ಕ್ಷಣ ಕಾರು ಕೆಳಗೆ ಕುಕ್ಕುತ್ತದೆ, ಎಂಜಿನ್ ಉಯ್ಯಾಲೆಯಾಗುತ್ತದೆ. ಆ ಉಯ್ಯಾಲೆಯ ಮುಂದೆ ಯಾರ ಕೈ ಇತ್ತು ಎನ್ನುವುದರ ಮೇಲೆ ಉಳಿದದ್ದು. ಅದಕ್ಕೇ ಐದು ಸೆಂಟಿಮೀಟರ್ ಎತ್ತಿ, ನಿಂತು, ಟಾರ್ಚ್ ಹಿಡಿದು ಒಂದು ಸುತ್ತು ನೋಡಿ, ಮತ್ತೆ ಐದು ಸೆಂಟಿಮೀಟರ್.

ಗೇರ್‌ಬಾಕ್ಸನ್ನು ಕಾರಿನಲ್ಲೇ ಬಿಟ್ಟು ಎಂಜಿನ್ ಮಾತ್ರ ತೆಗೆಯುವಾಗ ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟಿರಬೇಕು. ಎರಡೂ ಬೇರೆಯಾದ ಕೂಡಲೇ ತೂಕದ ನಡುಬಿಂದು ಜಾರುತ್ತದೆ, ಎಂಜಿನ್ ಒಂದು ಕಡೆ ವಾಲುತ್ತದೆ. ವಾಲಿದ್ದನ್ನು ಕೈಯಿಂದ ತಡೆಯಲು ಹೋಗಬೇಡಿ. ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ, ಬೆರಳಿನ ಉಂಗುರ ಮೊದಲೇ ತೆಗೆದಿಡಿ.

ಎಂಜಿನ್ ಹೊರಗೆ ಬಂದಮೇಲೆ ಕ್ರೇನ್ ತಳ್ಳಿಕೊಂಡು ಹೋಗುವ ಆತುರ ಎಲ್ಲರಿಗೂ. ಕ್ರೇನನ್ನು ಅಲ್ಲೇ ಬಿಟ್ಟು ಕಾರನ್ನು ಹಿಂದಕ್ಕೆ ತಳ್ಳಿದರೆ ಅರ್ಧ ಅಪಾಯ ಕಳೆಯಿತು. ಆಮೇಲೆ ಎಂಜಿನ್ನನ್ನು ಕ್ರೇನಿನ ಕಾಲುಗಳ ನಡುವೆ ಆದಷ್ಟು ತಗ್ಗಿಸಿ, ಅನಂತರವೇ ಕ್ರೇನ್ ಸರಿಸಿ. ಆ ಪುಟ್ಟ ಚಕ್ರಗಳಿಗೆ ನೆಲದಲ್ಲಿ ಬಿದ್ದ ಒಂದು ನಟ್ಟು ಸಾಕು. ಚಕ್ರ ಅಲ್ಲೇ ಕಚ್ಚುತ್ತದೆ, ಮೇಲಿನ ಭಾರ ಮುಂದೆ ಹೋಗುತ್ತದೆ. ಮೊದಲು ಪೊರಕೆ ಹಿಡಿದು ದಾರಿ ಗುಡಿಸಿ, ಚೆಲ್ಲಿದ ಎಣ್ಣೆ ಒರೆಸಿ. ಇಳಿಸುವಾಗ ಜಾಕಿನ ವಾಲ್ವನ್ನು ಕೂದಲೆಳೆಯಷ್ಟು ಸಡಿಲಿಸಿ. ಅದನ್ನು ಪೂರ್ತಿ ಒಂದು ಸುತ್ತು ತಿರುಗಿಸಿದವರು ಎಂಜಿನ್ ಇಳಿಸುವುದಿಲ್ಲ, ಬೀಳಿಸುತ್ತಾರೆ. ಊಟಕ್ಕೆ ಹೋಗುವಾಗ ನೇತುಹಾಕಿ ಹೋಗಲೇಬೇಡಿ. ಜಾಕಿನ ಸೀಲು ಸವೆದಿದ್ದರೆ ಬೂಮ್ ಸದ್ದಿಲ್ಲದೆ ಇಳಿಯುತ್ತಿರುತ್ತದೆ.

ಬಿಚ್ಚಿದ ಎಂಜಿನ್ನನ್ನು ಕೂರಿಸಿ ತಿರುಗಿಸುವ ಎಂಜಿನ್ ಸ್ಟ್ಯಾಂಡುಗಳಲ್ಲಿ ಮೂರು ಚಕ್ರದ್ದು ನನಗಂತೂ ಒಪ್ಪಿಗೆಯಿಲ್ಲ. ಮುಂದಿನ ಒಂಟಿ ಚಕ್ರ ಸಿಕ್ಕಿಕೊಂಡರೆ ಪಕ್ಕಕ್ಕೆ ಮಗುಚುತ್ತದೆ. ನಾಲ್ಕು ಚಕ್ರದ್ದೇ ಇರಲಿ. ಅದಕ್ಕೆ ಕೂರಿಸುವಾಗ ಸ್ಟ್ಯಾಂಡಿನ ತಿರುಗುವ ಕೊಳವೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ನೇರಕ್ಕಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಬರಲಿ. ಇಲ್ಲವಾದರೆ ಪಿನ್ ತೆಗೆದ ತಕ್ಷಣ ಹೆಡ್ಡಿನ ಭಾರಕ್ಕೆ ಎಂಜಿನ್ ತಾನಾಗಿ ತಲೆಕೆಳಗಾಗಿ, ಹಿಡಿಕೆ ಮುಖಕ್ಕೆ ಬಡಿಯುತ್ತದೆ.

ಎಂಜಿನ್ನನ್ನು ಕೆಳಗಿನಿಂದ ಇಳಿಸುವ ಕಾರುಗಳಲ್ಲಿ ಅಪಾಯವೇ ಬೇರೆ. ಎರಡು ಕಂಬದ ಲಿಫ್ಟಿನ ಮೇಲೆ ಕಾರು ಸಮತೋಲದಲ್ಲಿ ಇರುತ್ತದೆ, ಎಂಜಿನ್ ಇದ್ದಾಗಿನ ಸಮತೋಲ ಅದು. ಮುಂದಿನ ಇನ್ನೂರು ಕಿಲೋ ಕಳಚಿತು ಅಂದರೆ ಹಿಂಭಾಗ ಜಗ್ಗುತ್ತದೆ. ಎಂಜಿನ್ ಕೆಳಗೆ ಬಂದಿತು ಎಂದು ಎಲ್ಲರೂ ಅದನ್ನೇ ನೋಡುತ್ತಿರುವಾಗ ಕಾರು ಹಿಂದಕ್ಕೆ ಜಾರುತ್ತದೆ. ಬೋಲ್ಟು ಸಡಿಲಿಸುವ ಮೊದಲೇ ಹಿಂಭಾಗದ ಕೆಳಗೆ ಎತ್ತರದ ಸ್ಟ್ಯಾಂಡ್ ನಿಲ್ಲಿಸಿ, ಬಾಡಿಯನ್ನು ಲಿಫ್ಟಿನ ತೋಳುಗಳಿಗೆ ಬೆಲ್ಟಿನಿಂದ ಬಿಗಿಯಿರಿ.

ಕೊನೆಗೆ, ಸದ್ದಿಲ್ಲದ ಒಂದು ಅವಘಡ. ಎಂಜಿನ್ನನ್ನು ನೆಲಕ್ಕೆ ಇಟ್ಟಾಗ ಅದು ಕೂರುವುದು ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರಿನ ಮೇಲೆ. ತಗಡಿನ ಚೇಂಬರಾದರೆ ತಗ್ಗು ಬೀಳುತ್ತದೆ, ಅಲ್ಯೂಮಿನಿಯಮ್ಮಿನದಾದರೆ ಬಿರುಕು. ಬಿರುಕು ಪರವಾಗಿಲ್ಲ, ಎಣ್ಣೆ ಸೋರಿ ಹೇಳುತ್ತದೆ. ತಗ್ಗು ಹೇಳುವುದಿಲ್ಲ. ಎಣ್ಣೆ ಹೀರುವ ಜಾಲರಿ ಚೇಂಬರಿನ ತಳದಿಂದ ಕೆಲವೇ ಮಿಲಿಮೀಟರ್ ಮೇಲಿರುತ್ತದೆ. ತಗ್ಗಿನ ಉಬ್ಬು ಅದಕ್ಕೆ ಮುಚ್ಚಳವಾಗಿಬಿಡುತ್ತದೆ, ಎಂಜಿನ್ನಿಗೆ ಎಣ್ಣೆ ಸಿಗುವುದಿಲ್ಲ. ಆದ್ದರಿಂದ ಹಳೆಯ ಟೈರಿನ ಮೇಲಾಗಲಿ, ಬ್ಲಾಕಿನ ಅಂಚಿಗೆ ಮರದ ತುಂಡು ಕೊಟ್ಟಾಗಲಿ ಇಡಿ. ಈಗಾಗಲೇ ತಗ್ಗು ಬಿದ್ದಿದ್ದರೆ ಎಂಜಿನ್ ಕಾರಿಗೆ ಕೂರಿಸುವ ಮೊದಲೇ ಚೇಂಬರ್ ಬಿಚ್ಚಿ ನೋಡಿ. ಕೂರಿಸಿಯೇ ಬಿಟ್ಟಿದ್ದರೆ, ಮೊದಲ ಸ್ಟಾರ್ಟಿನಲ್ಲಿ ಎಣ್ಣೆಯ ದೀಪ ಕೆಲವು ಸೆಕೆಂಡಿನಲ್ಲಿ ಆರದೆ ಹೋದರೆ ಕೀಲಿ ತಿರುಗಿಸಿ ನಿಲ್ಲಿಸಿಬಿಡಿ. ಆಕ್ಸಿಲರೇಟರ್ ಒತ್ತಿ ನೋಡಲು ಹೋಗಬೇಡಿ.

ನಮಸ್ಕಾರ.