ನೆಗಡಿ ಹೋದರೂ ಕೆಮ್ಮು ಹೋಗುವುದಿಲ್ಲವೇಕೆ?

ನಮಸ್ಕಾರ. ನೆಗಡಿ ಐದೇ ದಿನಕ್ಕೆ ಇಳಿಯಿತು, ಕೆಮ್ಮು ಮಾತ್ರ 15 ದಿನವಾದರೂ ಬಿಟ್ಟಿಲ್ಲ, ಇನ್ನೊಂದು ಸುತ್ತು ಆಂಟಿಬಯೋಟಿಕ್ ನುಂಗಬೇಕೇ ಎಂದು ತೀರ್ಥಹಳ್ಳಿಯ ವೀಕ್ಷಕರೊಬ್ಬರು ಕೇಳಿದ್ದಾರೆ. ಆಷಾಢದ ಮಳೆ ಹಿಡಿದ ಮೇಲೆ ಮಲೆನಾಡಿನ ಯಾವ ಬಸ್ಸು ಹತ್ತಿದರೂ, ಮುಚ್ಚಿದ ಕಿಟಕಿಗಳ ನಡುವೆ ಕೇಳಿಸುವುದು ಇದೇ ಕೆಮ್ಮು.

ಗೊತ್ತಿರುವುದನ್ನು ಬೇಗ ಮುಗಿಸೋಣ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚಿವೆ. ಫ್ಲೂ ಬರುವುದು ಇನ್‌ಫ್ಲುಯೆಂಜಾ ವೈರಸ್ಸಿನಿಂದ ಮಾತ್ರ. ನೆಗಡಿ ಗಂಟಲ ಕೆರೆತದಿಂದ ಮೆಲ್ಲನೆ ಶುರುವಾದರೆ, ಫ್ಲೂ ಬೆಳಿಗ್ಗೆ ಓಡಾಡಿಕೊಂಡಿದ್ದವರನ್ನು ಸಂಜೆಯೊಳಗೆ ಜ್ವರ, ಮೈಕೈ ನೋವಿನಿಂದ ಮಲಗಿಸಬಲ್ಲದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳ ಮೇಲಿನ ಔಷಧವಾದ್ದರಿಂದ ಇವೆರಡಕ್ಕೂ ನಾಟುವುದಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ. ನಟ್ಟಿ ಮುಗಿದು ಗೇಣುದ್ದ ಬೆಳೆದ ಗದ್ದೆಯ ಮೇಲೆ ಗಾಳಿ ಬೀಸಿದಾಗ, ಪೈರು ಅಂಚಿನಿಂದ ಅಂಚಿಗೆ ಅಲೆಯಲೆಯಾಗಿ ಬಾಗುವುದನ್ನು ನೀವು ನೋಡಿರುತ್ತೀರಿ. ನಮ್ಮ ಶ್ವಾಸನಾಳದ ಒಳಗೋಡೆಯೂ ಹಾಗೆಯೇ ಇದೆ. ಅಲ್ಲಿನ ಒಂದೊಂದು ಕೋಶದ ಮೇಲೂ ಸುಮಾರು 200 ಸೂಕ್ಷ್ಮ ರೋಮಗಳಿದ್ದು, ಸೆಕೆಂಡಿಗೆ 10–12 ಸಲ ಬಾಗಿ ಏಳುತ್ತವೆ. ವ್ಯತ್ಯಾಸವಿಷ್ಟೇ: ಗದ್ದೆಯಲ್ಲಿ ಗಾಳಿ ಪೈರನ್ನು ಬಾಗಿಸುತ್ತದೆ, ಇಲ್ಲಿ ಪೈರೇ ಬಾಗಿ ಬಾಗಿ, ತನ್ನ ಮೇಲೆ ಹರಡಿರುವ ಲೋಳೆಯನ್ನು, ಅದಕ್ಕೆ ಅಂಟಿದ ಧೂಳು ಮತ್ತು ಬಚ್ಚಲೊಲೆಯ ಮಸಿಯ ಸಮೇತ, ಗಂಟಲಿನವರೆಗೆ ತಳ್ಳಿಕೊಂಡು ಬರುತ್ತದೆ. ಅಲ್ಲಿಂದ ಮುಂದೆ ಅದನ್ನು ನಾವು ಅರಿವಿಲ್ಲದೆ ನುಂಗುತ್ತೇವೆ. ಕೇಳಲು ಹೇಸಿಗೆಯೆನಿಸಿದರೂ, ಬೆಳಗಿನಿಂದ ನೀವೂ ನಾನೂ ಮಾಡಿಕೊಂಡು ಬಂದಿರುವುದು ಇದನ್ನೇ.

ಫ್ಲೂ ವೈರಸ್ ಈ ಕೋಶಗಳಿಗೇ ನುಗ್ಗಿ ಅವುಗಳನ್ನು ಸಾಯಿಸುತ್ತದೆ. ಕಾಡುಹಂದಿ ಹೊಕ್ಕ ಗದ್ದೆಯಂತೆ ಅಲ್ಲಲ್ಲಿ ನೆಲ ಬೋಳಾಗುತ್ತದೆ. ಹಂದಿ ಓಡಿಹೋಗಿರುತ್ತದೆ, ಪೈರು ಮತ್ತೆ ಏಳಲು ವಾರಗಳು ಬೇಕು. ಅಲ್ಲಿಯವರೆಗೆ ಲೋಳೆಯನ್ನು ಹೊರಹಾಕುವ ಕೆಲಸ ಕೆಮ್ಮಿನ ಪಾಲಿಗೆ ಬರುತ್ತದೆ. ನೆಗಡಿಯಿರಲಿ ಫ್ಲೂ ಇರಲಿ, ನರದ ತುದಿಗಳೂ ಕೆರಳಿರುವುದರಿಂದ ಒಗ್ಗರಣೆಯ ಘಾಟು, ತಣ್ಣನೆಯ ಗಾಳಿ ಸೋಕಿದರೂ ಸಾಕು, ಕೆಮ್ಮು ಏಳುತ್ತದೆ. ಒಂದು ವಾರದಲ್ಲಿ ಹೋಗಬೇಕೆಂದು ನಾವು ನಿರೀಕ್ಷಿಸುವ ಈ ಕೆಮ್ಮು ಸರಾಸರಿ 18 ದಿನ ಇರುತ್ತದೆ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಕಫ ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೇರಿದೆ ಎಂದಲ್ಲ, ಅದು ಬಿಳಿ ರಕ್ತಕಣಗಳಲ್ಲಿರುವ ಕಿಣ್ವದ ಬಣ್ಣ. ಜೇನುತುಪ್ಪ ಕೆಮ್ಮಿಗೆ ಹಿತ, ಆದರೆ ವರ್ಷ ತುಂಬದ ಮಗುವಿಗೆ ಕೊಡಲೇಬಾರದು. ಕಾಳುಮೆಣಸಿನ ಕಷಾಯವನ್ನು ನಾನಂತೂ ಬಿಟ್ಟಿಲ್ಲ, ಬಚ್ಚಲೊಲೆಯ ಮುಂದೆ ಕೂರುವುದನ್ನು ಮಾತ್ರ ಬಿಟ್ಟಿದ್ದೇನೆ. ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ನೆಗಡಿಯಿಲ್ಲದೆ ಜೋರು ಜ್ವರ, ತಲೆನೋವು ಬಂದರೆ ಅದನ್ನು ಫ್ಲೂ ಎಂದು ತಳ್ಳಿಹಾಕಬಾರದು; 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಹೀಗೆಯೇ ಆರಂಭವಾಗುತ್ತದೆ.

ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ದೇಶದ ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆದ್ದರಿಂದ ತೀರ್ಥಹಳ್ಳಿಯವರೇ, ನಿಮ್ಮ ಕೆಮ್ಮು ಬಹುಶಃ ತಾನಾಗಿಯೇ ಹೋಗುತ್ತದೆ. ಔಷಧಿ ಅಂಗಡಿಗೆ ಹೋಗಬೇಡಿ, ಕಫ ಪರೀಕ್ಷೆಗೆ ಹೋಗಿಬನ್ನಿ.